ಸದ್ಯಕ್ಕೆ ನನ್ನ ಬಳಿ ಇರುವ ಪುಸ್ತಕ

ಓದಲು ಬಾರದ ಪುಸ್ತಕಗಳನ್ನು ಕೊಳ್ಳುವುದು ನನ್ನ ಹಳೆಯ ಚಟ. ಓದಲು ಬರುವ ಪುಸ್ತಕಗಳನ್ನು ಕೊಂಡು ಓದದೆ ಇಡುವವರು ಬಹಳ ಮಂದಿ ಇದ್ದಾರೆ, ಅವರಿಗೆ ಸಮಾಜದಲ್ಲಿ ಮರ್ಯಾದೆಯೂ ಇದೆ. ಅವರದಕ್ಕಿಂತ ನನ್ನದು ಪ್ರಾಮಾಣಿಕವಾದ ದೌರ್ಬಲ್ಯ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಮನೆಗೆ ಬಂದವರು ಕಪಾಟಿನ ಮುಂದೆ ನಿಂತು 'ಇವನ್ನೆಲ್ಲ ಓದಿದ್ದೀರಾ?' ಎಂದು ಕೇಳಿದಾಗ, 'ಇಲ್ಲ, ನನಗೆ ಆ ಲಿಪಿಯೇ ಬರುವುದಿಲ್ಲ' ಎಂದು ತಲೆ ಎತ್ತಿಕೊಂಡೇ ಹೇಳಬಹುದು. ಹಾಗೆ ನನ್ನಲ್ಲಿ ಜಾರ್ಜಿಯಾ ದೇಶದ ಒಂದು ಅಡುಗೆ ಪುಸ್ತಕವಿದೆ. ಅದು ಅಡುಗೆ ಪುಸ್ತಕ ಎಂದು ಒಂದು ಬಾಣಲೆಯ ಚಿತ್ರದ ಮೇಲೆ ಊಹಿಸಿದ್ದೇನೆ, ಕಮ್ಮಾರಿಕೆಯದೂ ಇರಬಹುದು.

ಇದಕ್ಕೆ ನನ್ನ ಅಪ್ಪನೇ ಕಾರಣ ಎಂದು ಹೇಳಿ ತಪ್ಪಿಸಿಕೊಳ್ಳುವುದು ನನಗೆ ರೂಢಿ. ಅವರು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರಗಳು ಉಲ್ಟಾ ಇರುತ್ತವಷ್ಟೆ. ಹಾಗಾಗಿ ಅಪ್ಪ ಕನ್ನಡವನ್ನೇ ಹಿಂದುಮುಂದಾಗಿ ಓದುವುದರಲ್ಲಿ ಪ್ರವೀಣರು. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಮೂಸುತ್ತಿದ್ದರು, ಆಮೇಲೆ ಹೊಲಿಗೆ ನೋಡುತ್ತಿದ್ದರು, ವಿಷಯ ಏನೆಂದು ನೋಡುವಷ್ಟರಲ್ಲಿ ಅವರಿಗೆ ಊಟದ ಹೊತ್ತಾಗುತ್ತಿತ್ತು. ಅವರು ನನಗೆ ಕಲಿಸಿದ ಶಿಸ್ತು ಒಂದೇ. ಪುಸ್ತಕ ಮನೆಯೊಳಗೆ ಬಂದ ತಕ್ಷಣ ಮೊದಲ ಪುಟದಲ್ಲಿ ಹೆಸರು ಬರೆಯಬೇಕು. "ಇಲ್ಲದಿದ್ರೆ ಅದು ಊರವರ ಪಾಲಾಗುತ್ತೆ ಕಣೋ" ಎನ್ನುತ್ತಿದ್ದರು. ಟೆಕ್ಸಸ್ಸಿಗೆ ಬಂದು ಎಷ್ಟೋ ಶಿಸ್ತುಗಳನ್ನು ಕೈಬಿಟ್ಟ ನಾನು ಇದೊಂದನ್ನು ಬಿಟ್ಟಿರಲಿಲ್ಲ. ಬಾಣಲೆಯ ಪುಸ್ತಕದ ಮೇಲೂ ನನ್ನ ಹೆಸರು ನೀಲಿ ಶಾಯಿಯಲ್ಲಿ, ಕನ್ನಡದಲ್ಲಿ ಇದೆ.

ಡಲ್ಲಾಸಿನಲ್ಲಿ ನನ್ನ ಚಟಕ್ಕೆ ನೀರೆರೆದದ್ದು ಎಸ್ಟೇಟ್ ಸೇಲ್ ಎಂಬ ವ್ಯವಸ್ಥೆ. ಯಾರಾದರೂ ತೀರಿಕೊಂಡರೆ ಅವರ ಮನೆಯ ಬಾಗಿಲನ್ನು ಶನಿವಾರ ಬೆಳಿಗ್ಗೆ ಹಾರುಹೊಡೆದು ತೆರೆದಿಟ್ಟು, ಚಮಚದಿಂದ ಹಿಡಿದು ಸೋಫಾದವರೆಗೆ ಎಲ್ಲಕ್ಕೂ ಚೀಟಿ ಅಂಟಿಸಿ ಮಾರುತ್ತಾರೆ. ಸತ್ತವರ ಮನೆಗೆ ಹೋದರೆ ಸ್ನಾನ ಮಾಡಬೇಕು ಎಂದು ಬೆಳೆದ ನಾವು, ಸತ್ತವರ ಟೀ ಕಪ್ಪುಗಳನ್ನು ತಿರುಗಿಸಿ ಬುಡ ನೋಡುವವರಾದದ್ದು ಹೇಗೆಂದು ನನಗೇ ಸೋಜಿಗ. ನನ್ನ ಹೆಂಡತಿ ಗಿರಿಜೆ ಧಾರವಾಡದವಳು. ನಾನು ಸೇಲಿನಿಂದ ಬಂದ ಶನಿವಾರಗಳಲ್ಲಿ ಅವಳು ನನಗೆ ಮೊದಲು ಬಚ್ಚಲು ತೋರಿಸುತ್ತಾಳೆ, ಆಮೇಲೆ ತಿಂಡಿ.

ಆ ಸೆಪ್ಟೆಂಬರಿನಲ್ಲಿ ಹೋದ ಮನೆ ಉತ್ತರ ಡಲ್ಲಾಸಿನದು. ಟೆಲಿಕಾಂ ಕಂಪನಿಗಳು ಒಂದೊಂದಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ, ನಮ್ಮಲ್ಲಿ ಉಳಿದವರು ಶನಿವಾರಗಳಲ್ಲಿ ಏನಾದರೂ ಮಾಡಿ ಮನಸ್ಸನ್ನು ಬೇರೆ ಕಡೆ ಇಟ್ಟುಕೊಳ್ಳುತ್ತಿದ್ದೆವು. ಗ್ಯಾರೇಜಿನ ಮೂಲೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ಒಂದು ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ಒಂಬತ್ತು ಪುಸ್ತಕಗಳು. ಚರ್ಮದ ಹೊದಿಕೆ, ಅಂಚುಗಳು ಹರಳೆಣ್ಣೆ ಹಚ್ಚಿದ ತಲೆಯಂತೆ ಕಪ್ಪಾಗಿ ಮಿರುಗುತ್ತಿದ್ದವು. ಲಿಪಿ ಯಹೂದಿಗಳ ಹೀಬ್ರೂ ಎಂದು ಮಾತ್ರ ಗೊತ್ತಾಯಿತು. ಮಾರುತ್ತಿದ್ದಾಕೆ, "ಹಳೇ ಧಾರ್ಮಿಕ ಪುಸ್ತಕ, ಯಾರೂ ಕೇಳಲಿಲ್ಲ, ಪೆಟ್ಟಿಗೆ ಸಮೇತ ತಗೊಂಡು ಹೋಗಿ" ಎಂದಳು. ನಾನು ಒಂದನ್ನು ಮೂಸಿ ನೋಡಿದೆ. ಅಪ್ಪ ಇದ್ದಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು. ರಸೀದಿ ಬರೆಸಿಕೊಂಡು ಹೊರಟೆ.

"ಅಲ್ರೀ, ಓದ್ಲಿಕ್ಕೆ ಬರಲಾರದ್ದು ಮತ್ತ ತಂದ್ರೇನು?" ಎಂದು ಗಿರಿಜೆ ಬಾಗಿಲಲ್ಲೇ ಕೇಳಿದಳು. "ದೇವರ ಪುಸ್ತಕವಂತೆ" ಎಂದೆ. ಅಷ್ಟು ಸಾಕಾಯಿತು. ಪೆಟ್ಟಿಗೆಯನ್ನು ನೆಲದ ಮೇಲೆ ಇಡಲು ಬಿಡದೆ ಮೇಜಿನ ಮೇಲೆ ಇಡಿಸಿದಳು. ನಾನು ಒಂದೊಂದನ್ನೂ ತೆರೆದು ಹೆಸರು ಬರೆಯತೊಡಗಿದೆ. ಎಂಟರಲ್ಲಿ ಬರೆಯಲು ಧಾರಾಳವಾಗಿ ಖಾಲಿ ಹಾಳೆ ಇತ್ತು. ಒಂಬತ್ತನೆಯದರ ರಟ್ಟು ತೆರೆದರೆ ಅಲ್ಲಿ ಆಗಲೇ ಯಾರೋ ಬೇರೆ ಬೇರೆ ಶಾಯಿಯಲ್ಲಿ ನಾಲ್ಕು ಬರಹ ಬರೆದಿದ್ದರು, ಒಂದರ ಕೆಳಗೊಂದು. ಕೊನೆಯದರ ಜೊತೆ ಡಲ್ಲಾಸಿನ ಒಂದು ಬೀದಿಯ ಹೆಸರು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ನನಗಾಗಿಯೇ ಬಿಟ್ಟಿದ್ದಾರೆ ಅನ್ನಿಸಿತು. ಬರೆದೆ.

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಸರಸ್ವತಿ ಪೂಜೆಯ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಗೌರವ. ಇಡೀ ವರ್ಷ 'ಓದು, ಓದು' ಎನ್ನುವವರೇ ಅಂದು ಪುಸ್ತಕ ಮುಟ್ಟಬೇಡ ಎನ್ನುತ್ತಿದ್ದರು. ವಿದ್ಯೆಯ ದೇವತೆಯ ಹೆಸರಿನಲ್ಲಿ ವಿದ್ಯೆಗೆ ರಜೆ ಕೊಡುವ ಧರ್ಮ ಸುಲಭಕ್ಕೆ ಅಳಿಯುವುದಿಲ್ಲ. ಡಲ್ಲಾಸಿನ ಪಕ್ಕದ ಮರ್ಫಿ ಎಂಬ ಊರಿನ ನಮ್ಮ ಮನೆಯಲ್ಲಿ ಗಿರಿಜೆ ಡೈನಿಂಗ್ ಟೇಬಲ್ಲಿನ ಮೇಲೆ ರೇಷ್ಮೆ ವಸ್ತ್ರ ಹಾಸಿ ಪುಸ್ತಕ ಜೋಡಿಸಿದಳು. ಅವಳ ಅಡುಗೆ ಟಿಪ್ಪಣಿ, ನನ್ನ ಆಫೀಸಿನ ಕೈಪಿಡಿ, ಮಗಳು ಅನುವಿನ ಏಳನೇ ಕ್ಲಾಸಿನ ಗಣಿತ. ಮೇಲೆ, ದೇವರ ಪುಸ್ತಕಗಳಾದ್ದರಿಂದ, ಆ ಒಂಬತ್ತು. ಪ್ರತಿಯೊಂದರ ಮೊದಲ ಪುಟ ತೆರೆದು, ನೀರಿನಲ್ಲಿ ಕಲೆಸಿದ ಅರಿಶಿನ ಕುಂಕುಮ ಹಚ್ಚಿದಳು. ನನ್ನ ಹೆಸರಿದ್ದ ಕಡೆಯೇ ಮೊದಲ ಪುಟ ಎಂದು ತಿಳಿದಳು. ಪಾಪ, ಅದು ಅವಳ ತಪ್ಪಲ್ಲ. ಹೀಬ್ರೂ ಪುಸ್ತಕ ಬಲಗಡೆಯಿಂದ ತೆರೆಯುತ್ತದೆ, ನಾನು ಹೆಸರು ಬರೆದಿದ್ದ ಮೊದಲ ಪುಟಗಳೆಲ್ಲ ಕೊನೆಯ ಪುಟಗಳು. ಉಲ್ಟಾ ಅಕ್ಷರ ಓದುತ್ತಿದ್ದವರ ಮಗನಿಗೆ ಇಷ್ಟು ಹೊಳೆಯಬೇಕಿತ್ತು. ಒಟ್ಟಿನಲ್ಲಿ ಒಂಬತ್ತನೆಯ ಪುಸ್ತಕದಲ್ಲಿ, ನಾಲ್ಕು ಬರಹಗಳ ಪೈಕಿ ಮೂರನೆಯದರ ಮೇಲೆ, ಗಿರಿಜೆಯ ಬೆರಳಿನ ಗಾತ್ರದ ಕೆಂಪು ಬೊಟ್ಟು ಕೂತಿತು. ಎಲ್ಲರೂ ಕೈಮುಗಿದೆವು. ಅನು ಗಣಿತದ ಬಗ್ಗೆ ಏನೋ ಬೇಡಿಕೊಂಡಳು.

ನವೆಂಬರಿನಲ್ಲಿ ಆಫೀಸಿನ ಕೆಲಸದ ಮೇಲೆ ಆಸ್ಟಿನ್ನಿಗೆ ಹೋಗುವುದಿತ್ತು. ಅಲ್ಲಿ ಹಳೆಯ ಪುಸ್ತಕಗಳ ಒಬ್ಬ ವ್ಯಾಪಾರಿ ಇದ್ದಾರೆ, ಹೀಬ್ರೂ ಓದಬಲ್ಲರು ಎಂದು ತಿಳಿದು ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡೆ. ಬೆನ್ ಎಂದು ಅವರ ಹೆಸರು. ಯಹೂದಿ, ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು, ಅಂಗಡಿಯೆಂದರೆ ಮನೆಯ ಮುಂದಿನ ಎರಡು ಕೋಣೆ. ಪೆಟ್ಟಿಗೆಯಿಂದ ತೆಗೆಯುವಾಗ ಒಂದು ಪುಸ್ತಕ ಅವರ ಕೈಜಾರಿ ನೆಲಕ್ಕೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡು ಅದಕ್ಕೆ ಮುತ್ತಿಟ್ಟರು. ಅದು ಬಿದ್ದ ರಭಸಕ್ಕೆ ನನ್ನ ಪಾದಕ್ಕೆ ತಾಗಿತ್ತು, ನಾನು ಕೈ ಮುಂದೆ ಮಾಡಿ ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಇಬ್ಬರೂ ಒಂದು ಕ್ಷಣ ಪರಸ್ಪರ ನೋಡಿದೆವು. ಆಮೇಲೆ ಅವರು ಒಳಗೆ ಹೋಗಿ ಕಾಫಿ ತಂದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಇವು ವೇದದಂಥ ಮೂಲಗ್ರಂಥಗಳಲ್ಲ. ನಡತೆಯ ಪುಸ್ತಕಗಳು, ಭಕ್ತಿಯ ಪುಸ್ತಕಗಳು. ಬೆಳಿಗ್ಗೆ ಏಳುವಾಗ ಏನು ನೆನೆಯಬೇಕು, ಸಿಟ್ಟು ಬಂದಾಗ ಎಲ್ಲಿ ನೋಡಬೇಕು, ಪಕ್ಕದ ಮನೆಯವರ ವಿಷಯ ಎಷ್ಟು ಆಡಬಹುದು (ಏನೂ ಆಡಬಾರದು), ಕೆಲಸದಾಳಿಗೆ ಸಂಬಳ ಯಾವ ಹೊತ್ತಿನೊಳಗೆ ಕೊಡಬೇಕು. ಪೂರ್ವ ಯುರೋಪಿನ ಊರುಗಳಲ್ಲಿ ಅಚ್ಚಾಗಿ, ದರ್ಜಿಗಳು, ಬ್ರೆಡ್ಡು ಸುಡುವವರು ಜೇಬಿನಲ್ಲಿಟ್ಟುಕೊಂಡು ಓದಿದ್ದು. ಹಾಗೆ ಓದಿ ಓದಿ ಹರಿದುಹೋದ್ದರಿಂದಲೇ ಈಗ ಅಪರೂಪ. ಯಾರೂ ಮುಟ್ಟದ ದೊಡ್ಡ ಗ್ರಂಥಗಳು ಹೊಸದರಂತೆ ಉಳಿಯುತ್ತವಂತೆ. ನಮ್ಮ ಮನೆಯಲ್ಲಿ ಪಂಚಾಂಗ ಚಿಂದಿಯಾಗಿ, ಮದುವೆಯಲ್ಲಿ ಉಡುಗೊರೆ ಬಂದ ಧರ್ಮಗ್ರಂಥ ಪ್ಲಾಸ್ಟಿಕ್ಕಿನೊಳಗೇ ಇದ್ದದ್ದು ನೆನಪಾಯಿತು.

ಪೂರ್ತಿ ಹರಿದ ಪುಸ್ತಕವನ್ನು ಯಹೂದಿಗಳು ಎಸೆಯುವುದಿಲ್ಲ, ಸ್ಮಶಾನದಲ್ಲಿ ಹೂಳುತ್ತಾರೆ ಎಂದೂ ಬೆನ್ ಹೇಳಿದರು. ಇದನ್ನು ಫೋನಿನಲ್ಲಿ ಗಿರಿಜೆಗೆ ಹೇಳಿದಾಗ ಅವಳು, "ಭಾಳ ಛಲೋ ಪದ್ಧತಿ ನೋಡ್ರಿ" ಎಂದು ನಿಟ್ಟುಸಿರು ಬಿಟ್ಟಳು. ಅವಳ ನಿಟ್ಟುಸಿರಿಗೆ ಕಾರಣ ನಮ್ಮ ಗ್ಯಾರೇಜಿನಲ್ಲಿದೆ. ಗಣಪತಿಯ ಚಿತ್ರವಿರುವ ಮದುವೆ ಕರೆಯೋಲೆಗಳನ್ನು ಕಸಕ್ಕೆ ಹಾಕುವಂತಿಲ್ಲ. ಊರಿನಲ್ಲಾದರೆ ಅಶ್ವತ್ಥಕಟ್ಟೆ ಇದೆ, ಹೊಳೆ ಇದೆ. ಇಲ್ಲಿ ಲೂಯಿಸ್‌ವಿಲ್ ಕೆರೆಯ ದಂಡೆಯಲ್ಲಿ ಏನೂ ಎಸೆಯಬಾರದು ಎಂಬ ಬೋರ್ಡಿದೆ. ಹಾಗಾಗಿ ಎಂಟು ವರ್ಷಗಳ ಗಣಪತಿಗಳು ಮೂರು ಪೆಟ್ಟಿಗೆಗಳಲ್ಲಿ ನಮ್ಮ ಕಾರಿನ ಪಕ್ಕ ವಾಸವಾಗಿದ್ದಾರೆ. ಆ ಪೈಕಿ ಒಂದೆರಡು ಮದುವೆಗಳು ಮುರಿದೂ ಹೋದವು, ಕಾಗದ ಗಟ್ಟಿಯಾಗಿದೆ.

ಬೆನ್ ಒಂಬತ್ತನೆಯ ಪುಸ್ತಕದ ಕೊನೆಯ ಪುಟ ತೆರೆದು ಹತ್ತಿರ ಹಿಡಿದು ಓದಿದರು. ಅಲ್ಲಿದ್ದ ನಾಲ್ಕು ಬರಹಗಳು ಒಂದೇ ಮನೆಯ ನಾಲ್ವರು ಮಾಲೀಕರದು. ಹಳೆಯ ಯಹೂದಿಗಳು ಪುಸ್ತಕದಲ್ಲಿ ಹೆಸರು ಬರೆಯುವಾಗ 'ಇದು ನನ್ನದು' ಎಂದು ಬರೆಯುತ್ತಿರಲಿಲ್ಲವಂತೆ. ಎಲ್ಲವೂ ದೇವರದು, ಸದ್ಯಕ್ಕೆ ಇದು ಇಂಥವನ ಬಳಿ ಇದೆ ಎಂಬ ಅರ್ಥದ ಮಾತು ಬರೆದು, ಆಮೇಲೆ ಹೆಸರು. ಇಷ್ಟು ಹೇಳಿ ಅವರು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದರು. ಹ್ಯೂಸ್ಟನ್ನಿನ ರೂತ್ ಎಂಬ ವೃದ್ಧೆ ಟೆಕ್ಸಸ್ಸಿನ ಹಳೆ ಪುಸ್ತಕದ ಅಂಗಡಿಗಳಿಗೆಲ್ಲ ಬರೆದ ಕಾಗದ ಅದು. ಡಲ್ಲಾಸಿನ ಅಣ್ಣ ತೀರಿಕೊಂಡಾಗ ಆಕೆ ಸೊಂಟದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಪುಸ್ತಕಗಳು ತಂಗಿಗೆ ಸೇರಬೇಕೆಂದು ಅಣ್ಣ ಬರೆದಿಟ್ಟಿದ್ದ, ಮನೆ ಖಾಲಿ ಮಾಡಿದವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾಲ್ಕು ಹೆಸರಿನ ಆ ಪುಟದಲ್ಲಿ ಮೂರನೆಯದು ಅವರ ತಂದೆಯ ಕೈಬರಹ. ತಂದೆ ಕೈಯಾರೆ ಬರೆದದ್ದು ಬೇರೆ ಯಾವುದೂ ಆಕೆಯ ಬಳಿ ಉಳಿದಿರಲಿಲ್ಲ.

"ಮೂರನೆಯದರ ಮೇಲೆ ಇದೇನು, ರಕ್ತವೇ?" ಎಂದು ಬೆನ್ ಕೇಳಿದರು. ಕುಂಕುಮ ಎಂದೆ, ಪೂಜೆ ಎಂದೆ, ದೇವತೆ ಎಂದೆ. ಅವರ ಮುಖ ಮೆಲ್ಲಗೆ ಗಂಭೀರವಾಯಿತು. ಬೇರೆ ದೇವರಿಗೆ ಅರ್ಪಿಸಿದ ವಸ್ತುವನ್ನು ತಮ್ಮ ಧರ್ಮದವರು ಬಳಸುವಂತಿಲ್ಲ, ಈಕೆ ಆಚಾರವಂತೆ, ತಿಳಿದರೆ ಮುಟ್ಟುತ್ತಾರೋ ಇಲ್ಲವೋ ಹೇಳಲಾರೆ ಎಂದರು. "ಹೇಳದಿದ್ದರೆ?" ಎಂದು ನಾನು ಕೇಳಿಯೇಬಿಟ್ಟೆ. ಅವರು ಪೆಟ್ಟಿಗೆಯಿಂದ ಬೇರೊಂದು ಪುಸ್ತಕ ತೆರೆದು ಒಂದು ಪುಟ ಹುಡುಕಿದರು. ಸುಳ್ಳು ಹೇಳದೆಯೇ, ಬರೀ ಸುಮ್ಮನಿದ್ದು, ಎದುರಿನವರು ತಪ್ಪು ತಿಳಿಯಲು ಬಿಡುವುದೂ ಒಂದು ಕಳ್ಳತನ, ಅದು ಮನಸ್ಸನ್ನು ಕದಿಯುವುದು ಎಂದು ಅಲ್ಲಿ ಬರೆದಿತ್ತಂತೆ. ಕನ್ನಡದಲ್ಲಿ ಮನಸ್ಸು ಕದಿಯುವುದೆಂದರೆ ಅದಕ್ಕೆ ಹಾಡು ಬರೆಯುತ್ತಾರೆ, ಇವರಲ್ಲಿ ಪ್ರಾಯಶ್ಚಿತ್ತ ಬರೆದಿದ್ದಾರೆ. ಓದಲು ಬಾರದ ಪುಸ್ತಕ ಕೊಳ್ಳುವುದರ ಲಾಭವೇನೆಂದು ಆ ಹೊತ್ತಿಗೆ ಸ್ಪಷ್ಟವಾಯಿತು. ಅದು ಏನನ್ನೂ ಹೇಳದೆ ತೆಪ್ಪಗಿರುತ್ತದೆ.

ಬೆನ್ ಆ ಕಾಗದದಿಂದ ರೂತ್ ಅವರ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಆ ಚೀಟಿಯನ್ನು ಮೂರು ವಾರ ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಕಾರಣಗಳನ್ನು ಮುಚ್ಚಿಡುವುದಿಲ್ಲ. ಮೊದಲನೆಯದಾಗಿ, ಅಪರೂಪದ್ದು ಎಂದು ತಿಳಿದ ಕ್ಷಣದಿಂದ ಪುಸ್ತಕಗಳ ಮೇಲೆ ನನಗೆ ಹೊಸ ಮೋಹ ಹುಟ್ಟಿತ್ತು. ನ್ಯಾಯವಾಗಿ ಕೊಂಡದ್ದು, ರಸೀದಿ ಇದೆ. ಎರಡನೆಯದು ಆ ಬೊಟ್ಟು. ಅದನ್ನು ತೆಗೆದುಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲವಲ್ಲ ಎಂಬ ಯೋಚನೆ ಬಂತು. ಹಳೆಯ ಕಾಗದದ ಕಲೆಯನ್ನು ಬ್ರೆಡ್ಡಿನ ತಿರುಳಿನಿಂದ ಉಜ್ಜಿ ತೆಗೆಯಬಹುದು ಎಂದು ಎಲ್ಲೋ ಕೇಳಿದ್ದೆ. ಒಂದು ಭಾನುವಾರ ಗಿರಿಜೆ ದೇವಸ್ಥಾನಕ್ಕೆ ಹೋದಾಗ ಕೂತು ಉಜ್ಜಿದೆ. ಕುಂಕುಮ ಬ್ರೆಡ್ಡಿಗೂ ಬಂತು, ಕಾಗದದಲ್ಲೂ ಹರಡಿತು. ಕಡಲೆಕಾಳಿನಷ್ಟಿದ್ದ ಕೆಂಪು ಬೊಟ್ಟು ನಾಣ್ಯದಷ್ಟು ಗುಲಾಬಿ ಮಚ್ಚೆಯಾಯಿತು. ಅಕ್ಷರ ಅಳಿಸಲಿಲ್ಲ ಎಂಬುದೊಂದೇ ಪುಣ್ಯ.

ಗಿರಿಜೆ ಬಂದು ನೋಡಿದಳು. ತಟ್ಟೆಯಲ್ಲಿ ಕೆಂಪು ಬ್ರೆಡ್ಡು, ಎದುರಿಗೆ ನಾನು. ಎಲ್ಲವನ್ನೂ ಹೇಳಿದೆ. ಅವಳು ತನ್ನ ಬೆರಳನ್ನೇ ನೋಡಿಕೊಂಡಳು. "ನಾ ಛಲೋ ಆಗ್ಲಿ ಅಂತ ಹಚ್ಚಿದ್ದರಿ. ಆ ಅಜ್ಜಿಗೆ ಅವರಪ್ಪನ ಅಕ್ಷರ ಮುಟ್ಟಲಿಕ್ಕೂ ಬರದ್ಹಂಗ ಆತಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು, ಆಗಲೇ ಆಗಬೇಕಿತ್ತು. ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಅನು, "ಅಪ್ಪಾ, ಜಸ್ಟ್ ಟೆಲ್ ಹರ್. ಇಟ್ಸ್ ನಾಟ್ ದಟ್ ಹಾರ್ಡ್" ಎಂದಳು. ಹನ್ನೆರಡು ವರ್ಷಕ್ಕೆ ಯಾವುದೂ ಅಷ್ಟು ಕಷ್ಟವಲ್ಲ, ಗಣಿತ ಬಿಟ್ಟರೆ.

ಶನಿವಾರ ರೂತ್ ಅವರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅದು ಯಹೂದಿಗಳ ವಿಶ್ರಾಂತಿಯ ದಿನ, ಆಚಾರವಂತರು ಫೋನನ್ನೇ ಮುಟ್ಟುವುದಿಲ್ಲ ಎಂದು ಆಮೇಲೆ ತಿಳಿಯಿತು. ಭಾನುವಾರ ಬೆಳಿಗ್ಗೆ ಆಕೆಯೇ ಮಾಡಿದರು. ಪುಸ್ತಕ ಸಿಕ್ಕಿದೆ ಎಂದೆ. ಮುಂದಿನ ಭಾನುವಾರ ಬರುತ್ತೇವೆ, ಒಂದು ವಿಷಯವನ್ನು ಎದುರಿಗೇ ಹೇಳಬೇಕು ಎಂದು ಹೇಳಿ ಇಟ್ಟೆ.

ಹ್ಯೂಸ್ಟನ್ನಿನ ಪಕ್ಕದ ಕೇಟಿ ಎಂಬ ಊರಿನಲ್ಲಿ ಗಿರಿಜೆಯ ಅಕ್ಕನ ಮನೆ. ಶನಿವಾರ ಅಲ್ಲಿ ಉಳಿದು, ಬೆಳಿಗ್ಗೆ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ದಾರಿಯ ಹಾಳೆಗಳನ್ನೂ ಪುಸ್ತಕಗಳ ಪೆಟ್ಟಿಗೆಯನ್ನೂ ಹಿಡಿದು ಹೊರಟೆವು. ರೂತ್ ಅವರ ಮನೆ ಚಿಕ್ಕದು, ಬಾಗಿಲಲ್ಲಿ ಒಂದು ನಿಂಬೆಗಿಡ. ಆಕೆ ಕೋಲೂರಿಕೊಂಡು ನಿಂತೇ ಕಾಯುತ್ತಿದ್ದರು. ಒಂಬತ್ತನೆಯ ಪುಸ್ತಕಕ್ಕೆ ಕೈಚಾಚಿದಾಗ ನಾನು ಕೊಡದೆ ಹಿಡಿದುಕೊಂಡೆ. "ಮೊದಲು ಒಂದು ಮಾತು" ಎಂದು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದೆ. ಕುಂಕುಮ, ಬ್ರೆಡ್ಡು, ಪರ್ಸಿನಲ್ಲಿ ಕಳೆದ ಮೂರು ವಾರ. ಅವರ ಚಾಚಿದ ಕೈ ಮೆಲ್ಲನೆ ಹಿಂದಕ್ಕೆ ಹೋಯಿತು. ಜೀವನದಲ್ಲಿ ನಾನು ನೋಡಿದ ಸಣ್ಣ ಚಲನೆಗಳಲ್ಲಿ ಅದರಷ್ಟು ನನ್ನನ್ನು ನೋಯಿಸಿದ್ದು ಬೇರೊಂದಿಲ್ಲ.

"ಯಾವ ದೇವತೆ?" ಎಂದು ಕೇಳಿದರು.

"ವಿದ್ಯೆಯ ದೇವತೆ" ಎಂದಳು ಗಿರಿಜೆ, ಇಂಗ್ಲಿಷಿನಲ್ಲಿ. "ಪುಸ್ತಕಗಳಿಗೆ ಮರ್ಯಾದೆ ಮಾಡುವ ದಿನ ಅದು. ತಪ್ಪು ನನ್ನದು."

"ಏನು ಬೇಡಿಕೊಂಡಿರಿ?"

"ಮಗಳಿಗೆ ಗಣಿತ ಬರಲಿ ಅಂತ."

"ಬಂತೇ?"

"ಇಲ್ಲ."

ರೂತ್ ಅವರ ತುಟಿಯಂಚಿನಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. ಪುಸ್ತಕವನ್ನು ಮೇಜಿನ ಮೇಲಿಡಲು ನನಗೆ ಹೇಳಿ, ತಮ್ಮ ರಬ್ಬಿಗೆ, ಅಂದರೆ ಧರ್ಮಗುರುಗಳಿಗೆ ಫೋನ್ ಮಾಡಿದರು. ನಾವು ಸೋಫಾದ ತುದಿಯಲ್ಲಿ ಕೂತು ಒಂದು ಕಡೆಯ ಮಾತನ್ನಷ್ಟೇ ಕೇಳಿದೆವು. ಹೌದು, ಹಿಂದೂಗಳು. ಇಲ್ಲ, ಒಳ್ಳೆಯವರೇ. ಕೆಂಪು ಪುಡಿ. ಅಪ್ಪನ ಹೆಸರಿನ ಮೇಲೆ. ಆಮೇಲೆ ಫೋನನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದರು. "ಪೂಜೆ ಮಾಡಿದ ದಿನ ಪುಸ್ತಕ ಯಾರದ್ದಾಗಿತ್ತು ಎಂದು ಕೇಳುತ್ತಿದ್ದಾರೆ."

ವಿಷಯ ಹೀಗಿತ್ತು. ತನ್ನ ಸ್ವಂತ ವಸ್ತುವನ್ನು ಒಬ್ಬ ಬೇರೆ ದೇವರಿಗೆ ಅರ್ಪಿಸಿದರೆ ಅದು ಅವರ ಲೆಕ್ಕದಲ್ಲಿ ಮೈಲಿಗೆ, ಮುಟ್ಟುವಂತಿಲ್ಲ. ಆದರೆ ತನ್ನದಲ್ಲದ ವಸ್ತುವನ್ನು ಯಾರೂ ಹಾಗೆ ಕೆಡಿಸಲಾರರು, ಆ ಅಧಿಕಾರ ಅವರಿಗಿಲ್ಲ. ಪುಸ್ತಕ ನನ್ನದಾಗಿದ್ದರೆ ಅದು ಕೆಟ್ಟಿತು. ಮಾರಾಟವೇ ತಪ್ಪಿನಿಂದ ಆಗಿದ್ದು, ಪುಸ್ತಕ ಆ ದಿನವೂ ರೂತ್ ಅವರದೇ ಆಗಿದ್ದರೆ, ಅದರ ಮೇಲೆ ಬಿದ್ದದ್ದು ಬರೀ ಕೆಂಪು ಪುಡಿ. ಇದು ಕಾನೂನೋ, ಫೋನಿನ ಆ ತುದಿಯಲ್ಲಿದ್ದ ಮನುಷ್ಯನ ಕರುಣೆಯೋ ನಾನು ಅರಿಯೆ. ಎರಡೂ ಒಂದೇ ಆಗಿರುವ ಕಡೆ ನಾವು ಕೆದಕಬಾರದು.

ನನ್ನ ಚೀಲದಲ್ಲಿ ರಸೀದಿ ಇತ್ತು. ಅದನ್ನು ಏಕೆ ತಂದಿದ್ದೆ ಎಂದು ಕೇಳಿದರೆ, ಎಲ್ಲೋ ಒಂದು ಮೂಲೆಯಲ್ಲಿ, 'ನ್ಯಾಯವಾಗಿ ನನ್ನದೇ, ಆದರೂ ಕೊಡುತ್ತಿದ್ದೇನೆ' ಎಂದು ಹೇಳಿಸಿಕೊಳ್ಳುವ ಆಸೆ ಇತ್ತು. ದಾನಿಯಾಗಲು ಮೊದಲು ಮಾಲೀಕನಾಗಬೇಕಷ್ಟೆ. ಗಿರಿಜೆ ನನ್ನನ್ನೇ ನೋಡುತ್ತಿದ್ದಳು.

"ನನ್ನದಾಗಿರಲಿಲ್ಲ. ಅವತ್ತೂ ನಿಮ್ಮದೇ" ಎಂದೆ.

ರೂತ್ ಅದನ್ನು ಫೋನಿಗೆ ಹೇಳಿದರು, ಕೇಳಿಸಿಕೊಂಡರು, ಇಟ್ಟರು. ಬಂದು ಪುಸ್ತಕವನ್ನು ಎತ್ತಿಕೊಂಡು ಮುತ್ತಿಟ್ಟರು. ಕೊನೆಯ ಪುಟ ತೆರೆದು, ಗುಲಾಬಿ ಮಚ್ಚೆಯ ಮೇಲೆ, ತಂದೆಯ ಅಕ್ಷರಗಳ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸಿದರು. ಗಿರಿಜೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ನಿಂಬೆಗಿಡದ ಕಡೆ ನೋಡತೊಡಗಿದೆ.

ಆಗ ರೂತ್, "ಕೊನೆಯಲ್ಲಿ ಇದೇನು, ದುಂಡುದುಂಡಗೆ?" ಎಂದು ಕೇಳಿದರು.

ಎಲ್ಲವನ್ನೂ ಒಪ್ಪಿಸಿದೆ ಎಂದುಕೊಂಡವನು ಇದನ್ನು ಮರೆತೇಬಿಟ್ಟಿದ್ದೆ. "ನನ್ನ ಹೆಸರು" ಎಂದೆ. ಒಂದು ನಿಮಿಷದ ಹಿಂದೆ ನನ್ನದಲ್ಲ ಎಂದವನ ಹೆಸರು ನೀಲಿ ಶಾಯಿಯಲ್ಲಿ ದಪ್ಪಗೆ ಕೂತಿತ್ತು. "ಹೊಡೆದು ಹಾಕುತ್ತೇನೆ" ಎಂದು ಪೆನ್ನು ತೆಗೆದೆ.

"ಬೇಡ" ಎಂದರು. "ಈ ನಾಲ್ಕು ಜನರೂ ಸದ್ಯಕ್ಕೆ ಎಂದು ಬರೆದು ಹೆಸರು ಹಾಕಿದ್ದಾರೆ. ನೀನೊಬ್ಬ ಬರೀ ಹೆಸರು ಹಾಕಿದ್ದೀಯೆ. ಅದನ್ನೂ ಸೇರಿಸಿಬಿಡು, ಸರಿಹೋಗುತ್ತದೆ." ನನ್ನ ಹೆಸರಿನ ಹಿಂದೆ, ಇಕ್ಕಟ್ಟಾದ ಜಾಗದಲ್ಲಿ, 'ಸದ್ಯಕ್ಕೆ' ಎಂದು ಬರೆದೆ. ಮೊಳೆ ಜೋಡಿಸುವವರ ಮಗನಾಗಿಯೂ ನನ್ನ ಅಕ್ಷರ ಚೆನ್ನಾಗಿಲ್ಲ. ಆದರೂ ಐದನೆಯ ಸಾಲು ಮೇಲಿನ ನಾಲ್ಕರ ಜೊತೆ ಹೊಂದಿಕೊಂಡು ಕೂತಿತು.

ಹೊರಡುವಾಗ ರೂತ್ ಉಳಿದ ಎಂಟರಲ್ಲಿ ಚಿಕ್ಕದೊಂದನ್ನು ನನ್ನ ಕೈಗಿಟ್ಟರು. ಮನಸ್ಸು ಕದಿಯುವ ವಿಷಯ ಇದ್ದದ್ದು ಅದರಲ್ಲೇ. "ಇದು ಈಗ ನಿಜವಾಗಿ ನಿನ್ನದು. ಆದ್ದರಿಂದ ಹುಷಾರು, ಇನ್ನು ಇದನ್ನು ಕೆಡಿಸುವ ಅಧಿಕಾರ ನಿನಗಿದೆ" ಎಂದರು. ಡಲ್ಲಾಸಿಗೆ ವಾಪಸಾಗುವ ನಾಲ್ಕು ಗಂಟೆಯ ದಾರಿಯಲ್ಲಿ ನಾನು ಈ ಮಾತನ್ನು ತಿರುವಿ ಹಾಕುತ್ತಿದ್ದೆ. ನಾನು ಜೀವನದಲ್ಲಿ ಕೆಡಿಸಿದ ವಸ್ತು, ವ್ಯವಹಾರ, ಸ್ನೇಹ ಇವನ್ನೆಲ್ಲ ಎಣಿಸಿಕೊಂಡು ಬಂದರೆ, ಎಲ್ಲವೂ 'ಇದು ನನ್ನದು' ಎಂದು ಗಟ್ಟಿಯಾಗಿ ಹಿಡಿದುಕೊಂಡವೇ. ಗಿರಿಜೆ ಪಕ್ಕದಲ್ಲಿ ನಿದ್ದೆ ಹೋಗಿದ್ದಳು.

ಅಲ್ಲಿಂದ ಮುಂದೆ ಪುಸ್ತಕಗಳಲ್ಲಿ ಪೆನ್ಸಿಲಿನಲ್ಲಿ ಹೆಸರು ಬರೆಯುತ್ತೇನೆ. ಬಾಣಲೆಯ ಪುಸ್ತಕದಲ್ಲೂ 'ಸದ್ಯಕ್ಕೆ' ಸೇರಿಸಿದ್ದಾಯಿತು. ಓದಲು ಬಾರದ್ದನ್ನು ಕೊಳ್ಳುವ ಚಟ ಮಾತ್ರ ಹಾಗೇ ಇದೆ. ನೀತಿಯ ಪುಸ್ತಕದಿಂದ ಅಷ್ಟನ್ನೆಲ್ಲ ನಿರೀಕ್ಷಿಸಬಾರದು.

ಮರುವರ್ಷದ ಸರಸ್ವತಿ ಪೂಜೆಯ ದಿನ ಗಿರಿಜೆ ಕುಂಕುಮದ ಬಟ್ಟಲು ಹಿಡಿದು ನನ್ನ ಕಪಾಟಿನ ಮುಂದೆ ನಿಂತಳು. ರೂತ್ ಕೊಟ್ಟ ಪುಸ್ತಕವನ್ನು ಮೊದಲೇ ತೆಗೆದು ಎತ್ತರದಲ್ಲಿಟ್ಟಿದ್ದಳು. "ಉಳದವ್ರಾಗ ಯಾವು ನಮ್ಮವು, ಯಾವು ಅಲ್ಲ, ಒಮ್ಮೆ ಹೇಳಿಬಿಡ್ರಿ. ಆಮ್ಯಾಲ ಹಚ್ಚತೀನಿ" ಎಂದಳು. ನಾನು ನೋಡಿದೆ. ಲೂಯಿಸ್‌ವಿಲ್ಲಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಗೆಳೆಯನಿಂದ ತಂದು ವಾಪಸು ಕೊಡದೆ ಉಳಿದದ್ದು, ಅಪ್ಪನ ಹೆಸರಿರುವವು, ಯಾರದೋ ಸೇಲಿನಲ್ಲಿ ಬಂದವು. ಒಂದನ್ನೂ ಬೆರಳು ಮಾಡಿ ತೋರಿಸಲಾಗಲಿಲ್ಲ. "ಎಲ್ಲಾ ಸದ್ಯಕ್ಕೆ ಕಣೇ" ಎಂದೆ.

ಅಷ್ಟರಲ್ಲಿ ಅವಳ ಬೆರಳಿನಲ್ಲಿ ಕುಂಕುಮ ಒಣಗುತ್ತಿತ್ತು. ಒಂದು ಕ್ಷಣ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹತ್ತಿರ ಬಂದು ಅದನ್ನು ನನ್ನ ಹಣೆಗೆ ಒತ್ತಿದಳು. "ಇದು ಸದ್ಯಕ್ಕ ನಂದದ" ಎಂದು ಹೇಳಿ ದೀಪ ಹಚ್ಚಲು ಹೋದಳು.